ಮುನ್ನೂರು ಹುಳುಗಳು ನೇಯ್ದ ಹಾಳೆ

ರೇಷ್ಮೆ ಹುಳುವಿಗೆ ನೂಲು ಬಿಡುವ ಹೊತ್ತಿಗೆ ಒಂದು ಮೂಲೆ ಬೇಕು. ಮೂಲೆ ಸಿಕ್ಕರೆ ಗೂಡು ಕಟ್ಟುತ್ತದೆ. ಮೂಲೆಯೇ ಇಲ್ಲದ ಸಪಾಟು ಜಾಗದಲ್ಲಿ ಬಿಟ್ಟರೆ ಸ್ವಲ್ಪ ಹೊತ್ತು ತಡಕಾಡಿ, ಕೊನೆಗೆ ಹೊಟ್ಟೆಯೊಳಗಿನ ನೂಲು ತಡೆಯಲಾರದೆ, ನಡೆದಲ್ಲೆಲ್ಲ ಅದನ್ನು ಹಾಸುತ್ತ ಹೋಗುತ್ತದೆ. ಗೂಡಾಗಬೇಕಾದದ್ದು ಹಾಳೆಯಾಗುತ್ತದೆ. ಇಷ್ಟನ್ನು ಕಲಿಯಲು ನನಗೆ ಒಂದು ಬೆಳೆ ಪೂರ್ತಿ ಬೇಕಾಯಿತು. ಎರಡನೆಯ ಬೆಳೆಯಲ್ಲಿ ಹಾಳೆ ಬಂತು, ಜನ ಮೆಚ್ಚಿದರು, ಫೋಟೋ ತೆಗೆದುಕೊಂಡು ಹೋದರು. ಆ ಬೆಳೆಯ ಕತೆಯನ್ನು ಈವರೆಗೆ ಕೇಳಿದವರಿಗೆಲ್ಲ ಮುಕ್ಕಾಲು ಭಾಗ ಮಾತ್ರ ಹೇಳುತ್ತ ಬಂದಿದ್ದೇನೆ. ಉಳಿದ ಕಾಲು ಭಾಗವನ್ನು ಈಗ ಬರೆಯುತ್ತಿದ್ದೇನೆ.

ನಾನು ಸಿಂದಗಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. ಜಿಲ್ಲೆಯ ಚಿತ್ರಕಲಾ ಶಿಕ್ಷಕರೆಲ್ಲ ಸೇರಿ ಒಂದು ಪ್ರದರ್ಶನ ಮಾಡುವುದೆಂದು ಗೊತ್ತಾದಾಗ, ಇತರರು ಗೋಳಗುಮ್ಮಟ, ಎತ್ತು, ಬಿಂದಿಗೆ ಹೊತ್ತ ಹೆಂಗಸು ಬರೆದು ತರುತ್ತಾರೆ, ನಾನು ಯಾರೂ ನೋಡಿರದ ಒಂದನ್ನು ತಂದು ಅವರ ಬಾಯಿ ಮುಚ್ಚಿಸಬೇಕು ಅಂದುಕೊಂಡೆ. ಕಲೆಯ ಮೇಲಿನ ಪ್ರೀತಿ ಇತ್ತೋ ಇಲ್ಲವೋ, ಬಾಯಿ ಮುಚ್ಚಿಸುವ ಆಸೆಯಂತೂ ಬೇಕಾದಷ್ಟಿತ್ತು. ಹುಳುಗಳಿಂದ ಹಾಳೆ ನೇಯಿಸಬಹುದೆಂದು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದೆ. ಹುಳು ಸಾಕುವವರನ್ನು ಹುಡುಕುತ್ತ ತಾಂಬಾದ ಆಚೆ, ಇಂಡಿ ರಸ್ತೆಯ ಬದಿಯ ಒಂದು ತೋಟಕ್ಕೆ ಹೋದೆ.

ಅಲ್ಲಿ ಹುಳು ಸಾಕುತ್ತಿದ್ದವರು ಒಬ್ಬ ಹೆಣ್ಣುಮಗಳು. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ನಾನು ಅಕ್ಕ ಎಂದೇ ಕರೆದೆ. ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂದು ಎಕರೆ ಹಿಪ್ಪುನೇರಳೆ ಹಚ್ಚಿ, ತಗಡಿನ ಹುಳುಮನೆ ಕಟ್ಟಿಸಿಕೊಂಡು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ಪಕ್ಕದ ಹೊಲ ಮೈದುನನದು. ಅದರಲ್ಲಿ ತೊಗರಿ. ಹಿಪ್ಪುನೇರಳೆಗೆ ನೀರು ಮೈದುನನ ಬಾವಿಯಿಂದ. ತೊಗರಿಗೆ ಔಷಧ ಹೊಡೆಯದೆ ಗತಿಯಿಲ್ಲ, ಔಷಧದ ಗಾಳಿ ತಾಗಿದ ಎಲೆ ತಿಂದರೆ ಹುಳು ಉಳಿಯುವುದಿಲ್ಲ. ಇದಕ್ಕೆ ಅವರಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಹೊಡೆಯುವ ಹಿಂದಿನ ದಿನ ಮೈದುನ ಬದುವಿನ ಮೇಲೆ ನಿಂತು, "ವೈನಿ, ನಾಳೆ ಹೊಡೀತೇನ್ರಿ" ಎಂದು ಅತ್ತಿಗೆಗೆ ಕೂಗಿ ಹೇಳುತ್ತಿದ್ದ. ಅಕ್ಕ ಅವತ್ತೇ ಬದುವಿನ ಕಡೆಯ ಸಾಲುಗಳ ಟೊಂಗೆ ಕೊಯ್ದು ಒಳಗಿಟ್ಟುಕೊಂಡು, ಆಮೇಲೆ ಹದಿನೈದು ದಿನ ಆ ಕಡೆ ಕುಡುಗೋಲು ಹಾಕುತ್ತಿರಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಇದು ತಪ್ಪಿರಲಿಲ್ಲವಂತೆ.

ಹುಳುಮನೆಗೆ ಅಕ್ಕನದೇ ಕಾನೂನು. ಚಪ್ಪಲಿ ಹೊರಗೆ. ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲದ್ದಿ ಒಳಗೆ ಬರಬೇಕು. ವಾಸನೆಯ ಎಣ್ಣೆ ಹಚ್ಚಿಕೊಂಡವರಿಗೆ ಪ್ರವೇಶವಿಲ್ಲ, ಊದುಬತ್ತಿ ಹಚ್ಚುವಂತಿಲ್ಲ.

"ಮಾಸ್ತರ, ಒಂದ್ ಮಾತ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದರು ಮೊದಲ ದಿನವೇ. "ನಿಮಗ ಬೀಡಿ, ತಂಬಾಕ ಏನಾರ ಐತೇನ್ರಿ? ತಂಬಾಕ ಅಂದ್ರ ಹುಳಕ್ಕ ಇಷ ಇದ್ದಂಗ."

"ಛೇ ಛೇ, ಸಾಲಿ ಮಾಸ್ತರ್ರು ನಾವು," ಎಂದೆ.

ನಮ್ಮ ಶಾಲೆಯ ಗೋಡೆಯ ಮೇಲೆ 'ತಂಬಾಕು ಮುಕ್ತ ಶಾಲೆ' ಎಂದು ಬರೆದದ್ದು ನಾನೇ. ಕೆಂಪು ಗೆರೆ ಹೊಡೆದ ಬೀಡಿಯ ಚಿತ್ರವೂ ನನ್ನದೇ. ಹನ್ನೆರಡು ವರ್ಷದಿಂದ ಪ್ಯಾಂಟಿನ ಒಳಕಿಸೆಯಲ್ಲಿ ತಂಬಾಕಿನ ಪುಡಿಕೆ ಮತ್ತು ಸುಣ್ಣದ ಡಬ್ಬಿ ಇಟ್ಟುಕೊಂಡು ಓಡಾಡುತ್ತಿದ್ದವನೂ ನಾನೇ. ಹೆಂಡತಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ಇದ್ದಳು. ಕದ್ದು ತಿನ್ನುವವನಿಗೆ ಒಂದು ಕೈಚಳಕ ಬಂದಿರುತ್ತದೆ. ಎಡಗೈಯಲ್ಲಿ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ, ಬಲಗೈಯಿಂದ ಎರಡು ಸಲ ತಟ್ಟಿ ಸಣ್ಣ ಪುಡಿಯನ್ನು ಹಾರಿಸಿ, ತುಟಿಯ ಒಳಗಿಟ್ಟುಕೊಳ್ಳಲು ನನಗೆ ಅರ್ಧ ನಿಮಿಷ ಸಾಕಾಗಿತ್ತು.

ಮೊದಲ ಬೆಳೆ ಪೂರ್ತಿ ಸೋಲು. ನಾನು ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಒಯ್ದಿದ್ದೆ. ಅದರ ಮೇಲೆ ಹಣ್ಣಾದ ಹುಳುಗಳನ್ನು ಬಿಟ್ಟೆವು. ಹಣ್ಣಾದ ಹುಳು ಎಂದರೆ ಮೇಯುವುದು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಜಾಗ ಹುಡುಕುವ ಹುಳು. ಅವು ನನ್ನ ಬಟ್ಟೆಯನ್ನು ಕಣ್ಣೆತ್ತಿಯೂ ನೋಡದೆ ಸೀದಾ ಚೌಕಟ್ಟಿನ ನಾಲ್ಕು ಮೂಲೆಗೆ ಹೋಗಿ, ಒಂದರ ಮೇಲೊಂದು ಬಿದ್ದು ಗೂಡು ಕಟ್ಟಿದವು. ಆಮೇಲೆ ಬಸವಣ್ಣನ ಆಕಾರಕ್ಕೆ ದಪ್ಪ ಹಗ್ಗ ಅಂಟಿಸಿದ ಹಲಗೆ ತಂದೆ. ಹಗ್ಗದ ಗುಂಟ ನೂಲು ಬಿಟ್ಟು ಚಿತ್ರ ಮೂಡಿಸುತ್ತವೆ ಎಂಬ ಲೆಕ್ಕ. ಬಸವಣ್ಣನ ಕೊಂಬಿನ ಸಂದಿಯಲ್ಲಿ ಹನ್ನೊಂದು ಗೂಡು ಸಿಕ್ಕವು.

"ಅವಕ್ಕ ನಿಮ್ಮ ಚಿತ್ರ ತಿಳಿಯೂದಿಲ್ರಿ ಮಾಸ್ತರ," ಅಕ್ಕ ನಕ್ಕರು. "ಮೂಲಿ ಇಲ್ದಂಗ ಮಾಡ್ರಿ. ಚಿತ್ರಾನೂ ಬ್ಯಾಡ. ಅವು ಏನ್ ಮಾಡ್ತಾವ ಅದನ್ನ ನೋಡ್ರಿ."

ಚಿತ್ರ ಬೇಡ ಎಂದದ್ದು ಚಿತ್ರಕಲಾ ಶಿಕ್ಷಕನಿಗೆ ಚುರ್ ಎಂದಿತು. ಆದರೂ ದುಂಡನೆಯ ಪ್ಲೈವುಡ್ ಹಲಗೆ ಕೊಯ್ಯಿಸಿ, ಅಂಚನ್ನು ನುಣ್ಣಗೆ ತಿಕ್ಕಿ, ನಡುವೆ ಕೊಂಡಿ ಹಾಕಿ ಮಾಡಿನಿಂದ ತೂಗುಬಿಟ್ಟೆ. ಕೆಳಗಿಳಿಯಲು ದಾರಿಯಿಲ್ಲ, ಮೂಲೆಯಿಲ್ಲ. ಈ ಸಲ ಹುಳುಗಳು ಮೇಲೆಯೂ ಕೆಳಗೆಯೂ ನೂಲು ಹಾಸಿದವು. ಆದರೆ ಹಾಳೆಯ ತುಂಬ ಹಳದಿ ಕಲೆ. ನೂಲು ಬಿಡುವ ಮುನ್ನ ಹುಳು ಒಂದು ಸಲ ಉಚ್ಚೆ ಹೊಯ್ಯುತ್ತದೆಂದು ನನಗೇನು ಗೊತ್ತು? ಮೊದಲು ಹಳೆಯ ಪೇಪರಿನ ಮೇಲೆ ಬಿಟ್ಟು, ಹೊಯ್ದ ಮೇಲೆ ಹಲಗೆಗೆ ಏರಿಸಬೇಕು ಎಂದು ಕಲಿಸಿದವರೂ ಅಕ್ಕನೇ. ಆ ಬೆಳೆ ಮುಗಿಯುವಾಗ ಅಂಗೈಯಷ್ಟು ಬೆಳ್ಳಗಿನ ಹಾಳೆಯೊಂದು ಬಂದಿತ್ತು. ಅದನ್ನು ಬಿಸಿಲಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ.

ಎರಡನೆಯ ಬೆಳೆಗೆ ಮೂರು ಅಡಿ ಅಗಲದ ಹಲಗೆ ಸಿದ್ಧವಾಯಿತು. ತೊಗರಿ ಹೂವಾಗಿದ್ದ ಕಾಲ. ಅಕ್ಕ ನೂರು ಮೊಟ್ಟೆಯ ಹುಳು ಸಾಕಿದ್ದರು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಸಂತಾನ, ಹಾಗಾಗಿ ಹುಳುಮನೆಯಲ್ಲಿ ಒಂದರ ಮೇಲೊಂದಿದ್ದ ನಾಲ್ಕೂ ಅಟ್ಟದ ತುಂಬ ಬೆರಳು ದಪ್ಪದ ಹುಳುಗಳು. ಮೈದುನ ಎಂದಿನಂತೆ ಕೂಗಿ ಹೇಳಿ, ಮರುದಿನ ಔಷಧ ಹೊಡೆದ. ಅಕ್ಕ ಎಂದಿನಂತೆ ಮೊದಲೇ ಟೊಂಗೆ ಕೊಯ್ದು ಎಲೆಕೋಣೆಯಲ್ಲಿ ಹಸಿ ಗೋಣಿಯ ಅಡಿ ಇಟ್ಟಿದ್ದರು. ಅದರ ಮರುದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ನಾನು ಹೋದಾಗ ಮೊದಲ ಹುಳುಗಳು ಹಣ್ಣಾಗಿದ್ದವು. ಅಕ್ಕ ಮೇಲಿನ ಅಟ್ಟದಿಂದ ಮುನ್ನೂರು ಹುಳುಗಳನ್ನು ಒಂದೊಂದಾಗಿ ತಮ್ಮ ಕೈಯಿಂದಲೇ ಆರಿಸಿ ಪೇಪರಿನ ಮೇಲೆ ಬಿಟ್ಟಿದ್ದರು. ಉಳಿದವು ಇನ್ನೂ ಒಂದೆರಡು ಹೊತ್ತು ಮೇಯಬೇಕಿತ್ತು.

"ಮಾಸ್ತರ, ಚಂದ್ರಿಕಿ ತೊಳ್ದು ಒಣಾಕ ಹಾಕೇನಿ, ತಗೊಂಡ್ ಬರ್ತೇನಿ. ಕೊಯ್ದಿಟ್ಟ ತಪ್ಪಲಾ ಮ್ಯಾಲಿನ ಎರಡ ಅಟ್ಟಕ್ಕ ಹಾಕೇನಿ, ಅಲ್ಲೀತನಾ ಕೆಳಗಿನ ಎರಡಕ್ಕ ನೀವು ಹಾಕ್ತೀರೇನ್ರಿ?" ಎಂದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ತಟ್ಟೆ. ಎಲೆ ಹಾಕುವ ಕೆಲಸವನ್ನು ಅವರು ಅಲ್ಲಿಯವರೆಗೆ ತಮ್ಮ ಮಕ್ಕಳಿಗೂ ಬಿಟ್ಟುಕೊಟ್ಟಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಎಲೆಕೋಣೆ ತಂಪಾಗಿ, ಕತ್ತಲಾಗಿ, ಯಾರೂ ಕಾಣದ ಜಾಗ. ಬೆಳಗಿನಿಂದ ತಂಬಾಕು ಹಾಕಿರಲಿಲ್ಲ. ಗೋಣಿ ಸರಿಸಿ, ಟೊಂಗೆಯ ರಾಶಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಿಕ್ಕಿದೆ. ತಟ್ಟಿದೆ. ಪುಡಿ ಎಲ್ಲಿಗೆ ಹಾರಿತು ಎಂದು ನೋಡಲಿಲ್ಲ. ಹಸಿ ಎಲೆಯ ಮೇಲಲ್ಲದೆ ಇನ್ನೆಲ್ಲಿಗೆ ಹಾರೀತು? ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೊಂಗೆಗಳನ್ನು ಬಾಚಿ ಬಾಚಿ ಕೆಳಗಿನ ಎರಡು ಅಟ್ಟಕ್ಕೆ ಹಾಸಿದೆ.

ಆಮೇಲೆ ಹೊರಗೆ ಬಂದು, ಬಾಯಿ ಮುಕ್ಕಳಿಸಿ, ಎರಡು ಸಲ ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡೆ. ಪೇಪರಿನ ಮೇಲಿನ ಹುಳುಗಳನ್ನು ನನ್ನ ಹಲಗೆಗೆ ಏರಿಸಬೇಕಿತ್ತಲ್ಲ, ಹಾಳೆಗೆ ಕಲೆ ಆಗಬಾರದಿತ್ತು. ಈ ಒಂದು ಸಂಗತಿಯನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ತಂಬಾಕು ಹುಳಕ್ಕೆ ವಿಷ ಎಂಬುದು ಮರೆತಿತ್ತು ಎನ್ನುವ ಹಾಗಿಲ್ಲ. ತೊಳೆಯಬೇಕೆಂದು ಗೊತ್ತಿತ್ತು, ತೊಳೆದೆ ಕೂಡ, ನನ್ನ ಕೆಲಸಕ್ಕೆ ಮಾತ್ರ.

ಮರುದಿನ ಬೆಳಿಗ್ಗೆ ಹಲಗೆ ತಿರುಗಿಸಲೆಂದು ಹೋದೆ. ಒಂದೇ ಕಡೆ ನೂಲು ದಪ್ಪವಾಗದಂತೆ ಅದನ್ನು ಆಗಾಗ ತಿರುಗಿಸಬೇಕು. ಹುಳುಮನೆಯ ಬಾಗಿಲಲ್ಲಿ ಅಕ್ಕ ತಲೆಗೆ ಕೈ ಹೊತ್ತು ಕೂತಿದ್ದರು. ಒಳಗೆ ಕೆಳಗಿನ ಎರಡು ಅಟ್ಟದ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಎದೆ ಊದಿಕೊಂಡಿತ್ತು. ಬಾಯಿಂದ ಹಸಿರು ನೀರು ಸುರಿಯುತ್ತಿತ್ತು. ಕೆಲವು ಕೊಕ್ಕೆಯಂತೆ ಬಾಗಿ ಸತ್ತಿದ್ದವು. ಮೇಲಿನ ಎರಡು ಅಟ್ಟಕ್ಕೆ ಏನೂ ಆಗಿರಲಿಲ್ಲ. ಹಲಗೆಯ ಮೇಲಿನ ನನ್ನ ಮುನ್ನೂರು ಹುಳುಗಳು ತಲೆಯಾಡಿಸುತ್ತ ತಮ್ಮ ಪಾಡಿಗೆ ತಾವು ನೂಲು ಹಾಸುತ್ತಿದ್ದವು.

ಚಾಕಿ ಹುಳು, ಎಂದರೆ ಮರಿಹುಳು, ಸಾಕಿ ಕೊಡುವವರೊಬ್ಬರು ಬಾಗೇವಾಡಿ ಕಡೆಯಿಂದ ಬೈಕಿನಲ್ಲಿ ಬಂದರು. ಒಂದು ಹುಳುವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಇದು ರೋಗ ಅಲ್ಲ ಯವ್ವಾ, ಇಷ. ಇಲ್ಲಾ ಔಷಧಾ, ಇಲ್ಲಾ ತಂಬಾಕ. ಎರಡೂ ಹಿಂಗ ಕಾಣ್ತಾವ. ಒಳಗ ಯಾರಾರ ತಂಬಾಕ ತಿನ್ನಾವ್ರ ಬಂದಿದ್ರೇನು?"

"ನಾವಿಬ್ರ ರಿ. ನಾನು, ಮಾಸ್ತರ," ಎಂದರು ಅಕ್ಕ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ನನ್ನ ಮುಖ ಹೇಳಿಬಿಡುತ್ತಿತ್ತು. "ಹಂಗಿದ್ರ ಔಷಧಾನ ಖರೆ," ಎಂದು ಚಾಕಿಯವರು ತೊಗರಿ ಹೊಲದ ಕಡೆ ತಿರುಗಿದರು.

ಅಷ್ಟರಲ್ಲಿ ಸುದ್ದಿ ತಿಳಿದು ಮೈದುನ ಓಡಿಬಂದ. ಅಟ್ಟ ನೋಡಿ ಬಾಗಿಲಲ್ಲೇ ನಿಂತ. "ವೈನಿ, ನಾ ಹೇಳೇ ಹೊಡದೇನ್ರಿ. ಗಾಳಿ ಆ ಕಡೆ ಇತ್ರಿ," ಎಂದ.

"ಹೇಳಿದ್ದಿ, ಖರೆ. ಒಳಗಿಟ್ಟ ತಪ್ಪಲಕ್ಕೂ ಮುಟ್ಟೂವಂಥಾದ್ದ ಏನ್ ಹೊಡದಿ ಅದನ್ನ ಹೇಳಿದ್ದೇನು? ಯಾವಾಗ್ಲೂ ಹೊಡ್ಯೂದ ಹೊಡದಿದ್ರ ಇವ್ಯಾಕ ಸಾಯ್ತಿದ್ವು?"

"ಯಾವಾಗ್ಲೂ ಹೊಡ್ಯೂದ ರಿ. ಡಬ್ಬಿ ತಂದ್ ತೋರಿಸ್ತೇನಿ."

"ಡಬ್ಬಿ ತಗೊಂಡ್ ಏನ್ ಮಾಡ್ಲಿ? ನಾಕ್ ದಿನ ಆಗಿದ್ರ ಗೂಡ ಬಿಡಸ್ತಿದ್ದೆ." ಅಕ್ಕನ ದನಿ ಏರಿತು. ಆಮೇಲೆ ಇದ್ದಕ್ಕಿದ್ದಂತೆ ಇಳಿಯಿತು. "ಆವತ್ತೂ ಹಿಂಗ ಅಂದಿದ್ದಿ. ನಂದೇನ್ ತಪ್ಪಿಲ್ಲ ವೈನಿ, ಲಾರಿ ಎದುರಿಗೆ ಬಂತು ಅಂತ. ಗಾಡಿ ಹೊಡ್ಯಾಕತ್ತಾವ ನೀನ ಇದ್ದಿ. ನಿಮ್ಮ ಅಣ್ಣ ಹಿಂದ ಕುಂತಿದ್ದ. ನೀ ಉಳ್ದಿ."

ಮೈದುನ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಮತ್ತೆ ಸುತ್ತಿಕೊಂಡು, ಹೊಲ ದಾಟಿ ಹೋದ. ಚಾಕಿಯವರು ನೆಲ ನೋಡುತ್ತಿದ್ದರು. ಅಷ್ಟು ಹೊತ್ತೂ ನಾನು ಅಕ್ಕ, ಮೈದುನ ಇಬ್ಬರಿಗೂ ಎರಡು ಮಾರು ದೂರದಲ್ಲೇ ಇದ್ದೆ. ಪುಡಿಕೆ ಕಿಸೆಯಲ್ಲಿತ್ತು.

ಆ ದಿನ ನಾನು ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಸತ್ತ ಹುಳುಗಳನ್ನು ಬುಟ್ಟಿ ಬುಟ್ಟಿ ತಂದು ಸುರಿದು, ಸುಣ್ಣ ಚೆಲ್ಲಿ ಮುಚ್ಚಿದೆ. ಅಂಗೈ ಬೊಕ್ಕೆ ಎದ್ದಿತು. ಅಕ್ಕ, "ನೀವ್ಯಾಕ ಮಾಡ್ತೀರಿ ಮಾಸ್ತರ, ನಿಮ್ಮ ಹಲಗಿ ನೋಡ್ಕೋರಿ," ಎಂದರು. ಮತ್ತೆ ನಾನು ಹೋಗಿ ಹಲಗೆ ನೋಡಿಕೊಂಡೆ! ಸೋಮವಾರವೂ ಮಂಗಳವಾರವೂ ರಜೆ ಹಾಕಿ ಹೋಗಿ, ಅಕ್ಕ ಖಾಲಿ ಅಟ್ಟ ತೊಳೆಯುತ್ತಿದ್ದ ಅದೇ ಮನೆಯಲ್ಲಿ, ಹಲಗೆಯನ್ನು ಕಾಲುಕಾಲು ಸುತ್ತು ತಿರುಗಿಸುತ್ತ ಕೂತೆ. ಬುಧವಾರ ಅಂಚಿನಿಂದ ಬಿಡಿಸಿದಾಗ ಹಾಳೆ ಒಂದೇ ಏಟಿಗೆ ಎದ್ದು ಬಂತು. ಎಲ್ಲೂ ಹರಿಯಲಿಲ್ಲ, ಒಂದು ಕಲೆಯೂ ಇರಲಿಲ್ಲ. ಗೂಡಿಲ್ಲದೆ ಬರಿಮೈಯಲ್ಲೇ ಕೋಶವಾದ ಹುಳುಗಳನ್ನು ಮನೆಗೊಯ್ದು ಹೊಟ್ಟಿನ ಮೇಲೆ ಮಲಗಿಸಿದೆ. ಹತ್ತಾರು ದಿನದಲ್ಲಿ ಅವೆಲ್ಲ ಚಿಟ್ಟೆಯಾದವು.

ಪ್ರದರ್ಶನದಲ್ಲಿ ಹಾಳೆಯನ್ನು ಕಿಟಕಿಗೆ ಎದುರಾಗಿ ತೂಗುಹಾಕಿದ್ದೆ. ಕೆಳಗಿನ ಚೀಟಿಯಲ್ಲಿ ಹೀಗೆ ಬರೆದಿದ್ದೆ: 'ನೇಯ್ದವರು ಮುನ್ನೂರು ಹುಳುಗಳು. ಒಂದೂ ಸತ್ತಿಲ್ಲ.' ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಹಿರಿಯ ಶಿಕ್ಷಕರೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು, "ಜೀವಕ್ಕ ನೋವಾಗದ ಕಲೆ ಅಂದ್ರ ಇದು ನೋಡ್ರಿ," ಎಂದು ನನ್ನ ಕೈ ಹಿಡಿದು ಅಲುಗಿಸಿದರು. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು, ಎಲ್ಲರ ಬಾಯಿ ಮುಚ್ಚಿತ್ತು. ನಾನು ಕಾರಿಡಾರಿನ ತುದಿಗೆ ಹೋಗಿ ತಂಬಾಕು ತಿಕ್ಕಲು ಪುಡಿಕೆ ತೆಗೆದವನು, ತಿಕ್ಕಲಾಗದೆ ಮತ್ತೆ ಒಳಗಿಟ್ಟೆ. ಅವತ್ತೇ ಬಿಟ್ಟೆ ಎಂದು ಹೇಳಿದರೆ ಚೆನ್ನಾಗಿ ಕೇಳಿಸೀತು, ಆದರೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹಾಕಿಕೊಂಡೆ.

ಒಂದು ವಾರದ ಮೇಲೆ ಅಕ್ಕನ ಫೋನು ಬಂತು. ಹಿಪ್ಪುನೇರಳೆ ಕಿತ್ತಿಸುತ್ತೇನೆ ಎಂದರು.

"ಯಾಕ್ರಿ ಅಕ್ಕಾ? ಮೈದುನ ನೀರ ಬಂದ್ ಮಾಡಿದನೇನ್ರಿ?"

"ಇಲ್ರಿ. ಅವ ಏನೂ ಮಾಡಿಲ್ಲ. ಅವನ ಬಾವಿ ಕಡೆ ನಾನ ಹೋಗಿಲ್ಲ. ಆ ಮಾತ ಆಡಿದ ಬಾಯಿಲೆ ನೀರ ಕೇಳೂದ ಹೆಂಗ್ರಿ? ಗಿಡಾ ಹಳದಿ ಬಿದ್ದಾವ. ಮುಂದಿನ ಸೋಮವಾರ ಟ್ರ್ಯಾಕ್ಟರ್ ಬರ್ತೈತಿ." ಆಮೇಲೆ, "ನಿಮಗ ಸುಮ್ನ ತ್ರಾಸ ಆಗಬಾರ್ದು ಅಂತ ಹೇಳಾಕ ಫೋನ ಮಾಡೇನ್ರಿ. ಮುಂದಿನ ಹಾಳಿಗೆ ಹುಳಾ ಬ್ಯಾರೆ ಕಡೆ ನೋಡ್ಕೋರಿ," ಎಂದರು.

ನನಗೆ ತ್ರಾಸ ಆಗಬಾರದಂತೆ. ಫೋನು ಇಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಕೂತೆ. ಹೇಳದಿರಲು ನನ್ನಲ್ಲಿ ಕಾರಣಗಳು ಬೇಕಾದಷ್ಟಿದ್ದವು: ಖಂಡಿತ ತಂಬಾಕೇ ಎಂದು ಹೇಳುವವರಾರು, ಔಷಧವೂ ಇರಬಹುದು, ಸತ್ತದ್ದು ತಿರುಗಿ ಬರುವುದಿಲ್ಲ. ಆದರೆ ಎಲೆಗೆ ಔಷಧ ತಾಗಿದ್ದರೆ ನಾಲ್ಕೂ ಅಟ್ಟ ಸಾಯಬೇಕಿತ್ತು. ನಾನು ಹಾಕಿದ ಎರಡೇ ಸತ್ತವು. ಈ ಲೆಕ್ಕ ನನಗೆ ಮೊದಲ ದಿನವೇ ಹೊಳೆದಿತ್ತು, ಅಕ್ಕನಿಗೆ ಹೊಳೆಯದಿರಲಿ ಎಂದು ಬೇಡಿಕೊಂಡಿದ್ದೆ. ಟ್ರ್ಯಾಕ್ಟರ್ ಬರುವ ಮೊದಲು ಹೇಳಲೇಬೇಕು ಎಂದು ನಿಶ್ಚಯಿಸಿದೆ.

ಭಾನುವಾರ ಬೆಳಿಗ್ಗೆ ಹೋದೆ. ಅಕ್ಕ ಅಂಗಳದಲ್ಲಿ ಚಂದ್ರಿಕೆಗಳನ್ನು ಹಗ್ಗದಿಂದ ಕಟ್ಟಿಡುತ್ತಿದ್ದರು, ಯಾರಿಗೋ ಕೊಟ್ಟುಬಿಡಲು. ನಾನು ಕೂರಲಿಲ್ಲ. ಪುಡಿಕೆ ತೆಗೆದು ಅವರ ಮುಂದೆ ಕಟ್ಟೆಯ ಮೇಲಿಟ್ಟೆ. ಎಲೆಕೋಣೆಯಲ್ಲಿ ಕೂತದ್ದು, ತಟ್ಟಿದ್ದು, ಕೈ ಯಾವಾಗ ತೊಳೆದೆ, ಯಾಕೆ ತೊಳೆದೆ, ಎಲ್ಲ ಹೇಳಿದೆ.

ಅಕ್ಕ ಬೈಯಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಪುಡಿಕೆಯನ್ನೇ ನೋಡುತ್ತ ಒಂದು ಮಾತು ಕೇಳಿದರು.

"ನಾ ಅವಗ ಅನ್ನಾಕತ್ತಾಗ ಇದು ನಿಮ್ಮ ಕಿಸೇದಾಗ ಇತ್ತೇನ್ರಿ?"

"ಇತ್ರಿ."

"ಹುಳಾ ಹ್ವಾದ್ರ ಹೋಗ್ಲಿ ಮಾಸ್ತರ, ಮತ್ತ ತರಬೌದು. ನೀವು ಆವಾಗ ಒಂದ ಮಾತ ಅಂದಿದ್ರ, ಏಳ ವರ್ಷ ನುಂಗಿಕೊಂಡಿದ್ದು ನನ್ನ ಬಾಯಾಗ ಬರ್ತಿರ್ಲಿಲ್ಲ." ಎದ್ದು ಸೆರಗು ಸರಿ ಮಾಡಿಕೊಂಡರು. "ಬರ್ರಿ. ಅವನ ಮುಂದ ಹೇಳ್ರಿ."

ತೊಗರಿ ಹೊಲದಲ್ಲಿ ಮೈದುನ ಸಾಲಿನ ನಡುವೆ ಕಸ ಕೀಳುತ್ತಿದ್ದ. ಅಕ್ಕ ಬದುವಿನ ಮೇಲೆ ನಿಂತರು, ನಾನು ಇಳಿದು ಅವನ ಹತ್ತಿರ ಹೋದೆ. ಎರಡನೆಯ ಸಲ ಹೇಳುವುದು ಸುಲಭವಿರುತ್ತದೆ ಅಂದುಕೊಂಡಿದ್ದೆ, ಇರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನ ಮುಂದೆ ಕೈ ಮುಗಿದು, ತಪ್ಪು ನನ್ನದು, ನಿನ್ನ ಔಷಧದ್ದಲ್ಲ ಎಂದೆ. ಅವನು ಕಸ ಹಿಡಿದುಕೊಂಡೇ ಪೂರ್ತಿ ಕೇಳಿದ. ಹಿಂದಿನಿಂದ ಅಕ್ಕ, "ತಮ್ಮಾ, ನಾ ಅವತ್ತ..." ಎಂದು ಶುರು ಮಾಡಿದರು.

"ನೀರ ಬಿಡ್ತೇನ್ರಿ ವೈನಿ. ಟ್ರ್ಯಾಕ್ಟರ್ ಬ್ಯಾಡ ಅಂತ ಹೇಳ್ರಿ," ಎಂದ ಅವನು ಅತ್ತ ನೋಡದೆ. ಆಮೇಲೆ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ಸರ, ಹುಳಾ ಕೊಂದಾವ ನಾ ಅಲ್ಲಂತ ಹೇಳಾಕ ಬಂದ್ರಿ. ಚಲೋ ಆತ್ರಿ. ಆದ್ರ ವೈನಿ ಅಂದಿದ್ದ ಇನ್ನೊಂದ ಮಾತು ಸುಳ್ಳಲ್ರಿ. ಗಾಡಿ ನಾನ ಹೊಡ್ಯಾಕತ್ತಿದ್ದೆ. ಅದನ್ನ ಅಲ್ಲಾ ಅನ್ನಾಕ ಯಾರ ಬರ್ತಾರ್ರಿ?"

ಅಕ್ಕ ಬದುವಿನ ಮೇಲೆ ಕೂತರು. ಅವನು ಬಾಗಿ ಕಸ ಕೀಳತೊಡಗಿದ. ನನಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.